ತಾಳಿದವನು ಬಾಳಿಯಾನೆ?



ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಣ್ಣನ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. 2001ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವಳು, ತರಗತಿಯಲ್ಲಿ ಮುಂದಿನ ಬೆಂಚು, ಅಚ್ಚುಕಟ್ಟಾದ ಅಕ್ಷರ. ಹುಡುಗನಿಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ಮೊದಲ ಕೆಲಸ ಸಿಕ್ಕಿತ್ತು. ಮೇಷ್ಟ್ರ ಆಶೀರ್ವಾದ ಪಡೆದು ಹೋಗಲಿ ಎಂಬುದು ಅವರ ಮನೆಯವರ ಆಸೆ. ಕಾಫಿಯಾದ ಮೇಲೆ ಹುಡುಗ ಕಾಲಿಗೆ ನಮಸ್ಕರಿಸಲು ಬಗ್ಗಿದ. ಆಗ ಅವಳು ನಗುತ್ತಲೇ, ಆದರೆ ನನ್ನ ಮುಖವನ್ನು ನೇರವಾಗಿ ನೋಡುತ್ತ ಹೇಳಿದಳು: "ಆಶೀರ್ವಾದ ಮಾಡಿ ಸಾರ್. ಆದರೆ ನನಗೆ ಹೇಳಿದಿರಲ್ಲ, ಆ ಗಾದೆಯನ್ನು ಮಾತ್ರ ಇವನಿಗೆ ಹೇಳಬೇಡಿ."

ಯಾವ ಗಾದೆ ಎಂದು ನಾನು ಕೇಳಲಿಲ್ಲ. ನನಗೆ ನೆನಪಿತ್ತು.

2018ರಲ್ಲಿ ಅವಳು ಖಾಸಗಿ ಬ್ಯಾಂಕೊಂದರ ಶಾಖೆಯಲ್ಲಿ ಕೆಲಸದಲ್ಲಿದ್ದಳು. ಪ್ರತಿದಿನ ಸಂಜೆ ಏಳು ಗಂಟೆಗೆ ಆ ವಲಯದ ಮೇಲಧಿಕಾರಿ ಎಲ್ಲ ಶಾಖೆಗಳವರನ್ನೂ ಒಟ್ಟಿಗೆ ಫೋನಿನಲ್ಲಿ ಸೇರಿಸಿ ಅಂದಿನ ಲೆಕ್ಕ ಕೇಳುತ್ತಿದ್ದನಂತೆ. ಎಷ್ಟು ಖಾತೆ ತೆರೆದಿರಿ, ಎಷ್ಟು ವಿಮೆ ಮಾರಿದಿರಿ ಎಂಬುದೇ ಲೆಕ್ಕ. ಗುರಿ ಮುಟ್ಟದವರು ನಲವತ್ತು ಜನರ ಕಿವಿಗೆ ಬೀಳುವಂತೆ "ನಾನು ಕೆಲಸಕ್ಕೆ ಬಾರದವಳು" ಎಂದು ತಮ್ಮ ಬಾಯಿಂದಲೇ ಹೇಳಬೇಕು. ಅಪ್ಪನಿಗೆ ಕಣ್ಣಿನ ಆಪರೇಷನ್ ಎಂದು ಎರಡು ದಿನ ರಜೆ ಕೇಳಿದಾಗ ಬಂದ ಉತ್ತರ ಇದು: "ನಿಮ್ಮಪ್ಪನ ಹೆಸರಲ್ಲಿ ಒಂದು ಪಾಲಿಸಿ ಮಾಡಿಸಿದ್ದರೆ ಇವತ್ತಿನ ಟಾರ್ಗೆಟ್‌ಗೆ ಒಂದಾದರೂ ಆಗ್ತಿತ್ತಲ್ಲ." ಅವಳು ನನಗೆ ಫೋನು ಮಾಡಿ, "ಸಂಜೆ ಆರೂವರೆಯಾದರೆ ಹೊಟ್ಟೆ ತೊಳಸುತ್ತದೆ ಸಾರ್, ಊಟ ಸೇರುವುದಿಲ್ಲ, ಏನು ಮಾಡಲಿ?" ಎಂದು ಕೇಳಿದಳು. ನಾನು ಹೇಳಿದ್ದು: "ತಾಳಿದವನು ಬಾಳಿಯಾನು ಕಣಮ್ಮ. ದೊಡ್ಡವರು ಬೈದರೆ ನಮ್ಮ ಒಳ್ಳೆಯದಕ್ಕೇ ಎಂದುಕೊ."

ಮೇಷ್ಟ್ರ ಮಾತನ್ನು ಆಕೆ ನಂಬಿದಳು. ಇನ್ನೂ ಇಪ್ಪತ್ತೆರಡು ತಿಂಗಳು ತಾಳಿದಳು. ಕೊನೆಗೆ ರಕ್ತದೊತ್ತಡ, ನಿದ್ರಾಹೀನತೆ, ಮನೋವೈದ್ಯರ ಚಿಕಿತ್ಸೆ, ಆರು ತಿಂಗಳು ಮನೆಯಲ್ಲಿ ಮಲಗಿದ್ದು. ಈಗ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಸಂಬಳ ಮೊದಲಿನ ಅರ್ಧ. ರಾತ್ರಿ ನಿದ್ದೆ ಬರುತ್ತದೆ ಎನ್ನುತ್ತಾಳೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಳು, ಬರೆಯಬೇಡಿ ಎನ್ನಲಿಲ್ಲ.

ಈ ಲೇಖನ ಆ ಗಾದೆಯ ವಿರುದ್ಧ, ಮತ್ತು ಅದನ್ನು ಯೋಚಿಸದೆ ಬಳಸುವ ನನ್ನಂಥ ಹಿರಿಯರ ವಿರುದ್ಧ. ಮೇಲಧಿಕಾರಿಯ ದಬ್ಬಾಳಿಕೆಯನ್ನು ನಾವು ಗುರುತಿಸುವುದಿಲ್ಲ. ಕಣ್ಣೆದುರಿಗಿದ್ದರೂ ಅದಕ್ಕೆ ಶಿಸ್ತು, ಕಟ್ಟುನಿಟ್ಟು, ಹಿರಿಯರ ಕಾಳಜಿ ಎಂಬ ಒಳ್ಳೆಯ ಹೆಸರುಗಳನ್ನು ಕೊಟ್ಟು ಸುಮ್ಮನಾಗುತ್ತೇವೆ. ನಾವು ಹೀಗೆ ಹೆಸರು ತಪ್ಪಿ ಕರೆಯುವುದರಿಂದ ನಮ್ಮ ಮಕ್ಕಳು ತಮಗೆ ಆಗುತ್ತಿರುವುದನ್ನು ತಾವೇ ನಂಬದೆ, ತಪ್ಪು ತಮ್ಮದೇ ಇರಬೇಕೆಂದು ಕೊರಗುತ್ತಾರೆ. ಇದು ನನ್ನ ಆಕ್ಷೇಪಣೆ.

ಹಾಗಾದರೆ ಕಟ್ಟುನಿಟ್ಟಿಗೂ ದಬ್ಬಾಳಿಕೆಗೂ ವ್ಯತ್ಯಾಸವೇನು? ಇದನ್ನು ಪುಸ್ತಕದಿಂದ ಹೇಳುವುದಕ್ಕಿಂತ, ನಾನು ಕೈಕೆಳಗೆ ದುಡಿದ ಇಬ್ಬರು ಮುಖ್ಯೋಪಾಧ್ಯಾಯರನ್ನು ನೆನೆಯುವುದು ಸುಲಭ.

1974ರಲ್ಲಿ ನಾನು ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಗೆ ಕನ್ನಡ ಅಧ್ಯಾಪಕನಾಗಿ ಸೇರಿದಾಗ ಅಲ್ಲಿದ್ದ ಮುಖ್ಯೋಪಾಧ್ಯಾಯರು ಬಹಳ ಬಿಗಿಯಾದ ಮನುಷ್ಯ. ಎರಡನೆಯ ವಾರದಲ್ಲೇ ನಾನು ಪ್ರಾರ್ಥನೆಗೆ ಏಳು ನಿಮಿಷ ತಡವಾಗಿ ಹೋದೆ. ಅವರು ಆಗ ಏನೂ ಹೇಳಲಿಲ್ಲ. ಮಧ್ಯಾಹ್ನ ಕೊಠಡಿಗೆ ಕರೆಸಿ, ಬಾಗಿಲು ಮುಂದೆ ಮಾಡಿ, "ಇನ್ನೊಮ್ಮೆ ಹೀಗಾದರೆ ಅರ್ಧ ದಿನದ ರಜೆ ಬರೆದುಕೊಳ್ಳುತ್ತೇನೆ" ಎಂದರು. ಇನ್ನೊಮ್ಮೆ ಹಾಗಾಯಿತು, ಬರೆದುಕೊಂಡರು. ನನ್ನ ಪಾಠ ಟಿಪ್ಪಣಿಯಲ್ಲಿ ಐದು ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿದರು. ಕನ್ನಡ ಮೇಷ್ಟ್ರ ಟಿಪ್ಪಣಿಯಲ್ಲಿ ಕಾಗುಣಿತದ ತಪ್ಪು! ಆ ರಾತ್ರಿ ನನಗೆ ಊಟ ರುಚಿಸಲಿಲ್ಲ. ಆದರೆ ಅದೇ ಕೆಂಪು ಶಾಯಿ ಹಿರಿಯ ಸಹೋದ್ಯೋಗಿಗಳ ಟಿಪ್ಪಣಿಯ ಮೇಲೂ ಬೀಳುತ್ತಿತ್ತು. ಒಂದು ವರ್ಷ ಫಲಿತಾಂಶ ಕುಸಿದಾಗ ತನಿಖೆಗೆ ಬಂದ ಅಧಿಕಾರಿ ನಮ್ಮನ್ನೆಲ್ಲ ನಿಲ್ಲಿಸಿ ಕೇಳಲು ಹೊರಟರೆ, ಅವರು ಅಡ್ಡ ಬಂದು, "ಹೊಣೆ ನನ್ನದು, ನನ್ನನ್ನು ಕೇಳಿ" ಎಂದರು. ಅವರನ್ನು ಕಂಡರೆ ನಮಗೆ ಅಂಜಿಕೆಯಿತ್ತು. ಬೆಳಗ್ಗೆ ಶಾಲೆಗೆ ಹೋಗಲು ಅಂಜಿಕೆಯಿರಲಿಲ್ಲ.

ಇನ್ನೊಬ್ಬರು 1980ರ ದಶಕದಲ್ಲಿ, ಬೇರೊಂದು ಊರಿನ ಶಾಲೆಯಲ್ಲಿ ನನಗೆ ದೊರೆತವರು. ಮೆಲುದನಿ, ಸದಾ ನಗುಮುಖ, ಊರಿನವರಿಗೆಲ್ಲ ಬೇಕಾದವರು. ಅವರ ಕಣ್ಣು ನಮ್ಮ ಚಿತ್ರಕಲಾ ಶಿಕ್ಷಕರ ಮೇಲೆ ಬಿತ್ತು. ಕಾರಣ ಇಂದಿಗೂ ನನಗೆ ತಿಳಿಯದು. ಮೊದಲು ವೇಳಾಪಟ್ಟಿಯಿಂದ ಚಿತ್ರಕಲೆಯ ಅವಧಿಗಳು ಒಂದೊಂದಾಗಿ ಮಾಯವಾದವು. ಹದಿನೈದು ವರ್ಷ ಸೇವೆ ಸಲ್ಲಿಸಿದ ಆ ಶಿಕ್ಷಕರಿಗೆ ಸೀಮೆಸುಣ್ಣದ ಕಡ್ಡಿಗಳನ್ನು ಎಣಿಸಿ ಬರೆದಿಡುವ ಕೆಲಸ ಬಂತು; ಜವಾನ ರಜೆ ಹಾಕಿದ ದಿನ ಗಂಟೆ ಹೊಡೆಯುವ ಕೆಲಸವೂ ಬಂತು. ರಜೆಯ ಅರ್ಜಿ ಕೊಟ್ಟರೆ ಅರ್ಜಿ ಕಾಣೆಯಾಗುತ್ತಿತ್ತು, ಆಮೇಲೆ ಅನಧಿಕೃತ ಗೈರುಹಾಜರಿಗೆ ಕಾರಣ ಕೇಳಿ ನೋಟೀಸು ಬರುತ್ತಿತ್ತು. ವಾರ್ಷಿಕ ವೇತನ ಬಡ್ತಿಯ ಕಾಗದ ಆರು ತಿಂಗಳು ಅವರ ಮೇಜಿನ ಮೇಲೆಯೇ ಕುಳಿತಿತ್ತು. ಒಮ್ಮೆ ಹತ್ತನೆಯ ತರಗತಿಯ ಮಕ್ಕಳೆದುರಿಗೇ, ನಗುನಗುತ್ತಲೇ, "ಇವರಿಗೆ ಕೊಡುವ ಸಂಬಳದಲ್ಲಿ ಗೋಡೆಗಾದರೂ ಸುಣ್ಣ ಹೊಡೆಸಬಹುದಿತ್ತು" ಎಂದರು. ಮಕ್ಕಳು ನಕ್ಕರು.

ನಾವು ಹನ್ನೊಂದು ಜನ ಅಧ್ಯಾಪಕರಿದ್ದೆವು. ಆ ಶಿಕ್ಷಕರು ಒಳಗೆ ಬಂದರೆ ನಮ್ಮ ಮಾತು ನಿಲ್ಲುತ್ತಿತ್ತು. ಅವರೊಂದಿಗೆ ಚಹಾ ಕುಡಿದದ್ದು ಮುಖ್ಯೋಪಾಧ್ಯಾಯರ ಕಣ್ಣಿಗೆ ಬಿದ್ದೀತೆಂದು ನಾವು ಚಹಾದ ಹೊತ್ತನ್ನೇ ಬದಲಿಸಿಕೊಂಡೆವು. ಎರಡು ವರ್ಷದ ಮೇಲೆ ಅವರು ತಾವಾಗಿಯೇ ದೂರದ ಹಳ್ಳಿಯೊಂದಕ್ಕೆ ವರ್ಗ ಕೇಳಿ ಪಡೆದರು. ಬೀಳ್ಕೊಡುಗೆಯ ಸಮಾರಂಭ ನಡೆಯಲಿಲ್ಲ. ಬಸ್ ನಿಲ್ದಾಣದವರೆಗಾದರೂ ಹೋಗಿ ಕಳಿಸಿಬರಬೇಕೆಂದು ನಾನು ಮನೆಯಿಂದ ಹೊರಟೆ. ಮುಖ್ಯೋಪಾಧ್ಯಾಯರ ಮನೆ ಅದೇ ರಸ್ತೆಯಲ್ಲಿತ್ತು. ಅರ್ಧ ದಾರಿಯಿಂದ ಹಿಂದಿರುಗಿದೆ.

ಈ ಇಬ್ಬರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಗುರುತುಗಳು ತಾವಾಗಿಯೇ ತೋರುತ್ತವೆ. ಮೊದಲನೆಯವರ ಮಾತು ಕೆಲಸದ ಮೇಲೆ. ಎರಡನೆಯವರ ಮಾತು ಮನುಷ್ಯನ ಮೇಲೆ. ಮೊದಲನೆಯವರ ನಿಯಮ ಎಲ್ಲರಿಗೂ ಒಂದೇ. ಎರಡನೆಯವರದು ಒಬ್ಬನಿಗಾಗಿಯೇ ಹುಟ್ಟಿದ ನಿಯಮ. ಮೊದಲನೆಯವರು ಬಾಗಿಲು ಮುಚ್ಚಿ ಬೈದು, ಹೊರಗಿನವರೆದುರು ನಮ್ಮ ಪರವಾಗಿ ನಿಂತರು. ಎರಡನೆಯವರಿಗೆ ಪ್ರೇಕ್ಷಕರು ಬೇಕಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲನೆಯವರನ್ನು ತೃಪ್ತಿಪಡಿಸುವ ದಾರಿಯೊಂದಿತ್ತು. ಹೊತ್ತಿಗೆ ಸರಿಯಾಗಿ ಬಂದು, ಕಾಗುಣಿತ ತಿದ್ದಿಕೊಂಡರೆ ಅಲ್ಲಿಗೆ ಮುಗಿಯಿತು. ಚಿತ್ರಕಲಾ ಶಿಕ್ಷಕರು ಏನು ಮಾಡಿದ್ದರೂ ಎರಡನೆಯವರು ತೃಪ್ತರಾಗುತ್ತಿರಲಿಲ್ಲ, ಏಕೆಂದರೆ ಕೆಲಸ ಸುಧಾರಿಸುವುದು ಅಲ್ಲಿ ಉದ್ದೇಶವೇ ಆಗಿರಲಿಲ್ಲ. ದನಿ ಎತ್ತರವೋ ಮೆಲ್ಲಗೋ ಎಂಬುದರಿಂದ ಏನನ್ನೂ ತೀರ್ಮಾನಿಸಬಾರದು ಎಂಬುದನ್ನೂ ಇಲ್ಲಿ ಗಮನಿಸಿ. ನನಗೆ ಸಿಕ್ಕ ದಬ್ಬಾಳಿಕೆಯ ಮನುಷ್ಯ ಒಮ್ಮೆಯೂ ಕೂಗಿದವರಲ್ಲ.

ಲೋಕದಲ್ಲಿ ಇದನ್ನು ಬಲ್ಲವರು ಬಹಳ ಹಿಂದೆಯೇ ಅಭ್ಯಾಸ ಮಾಡಿದ್ದಾರೆ. ಹಗಲಿನಲ್ಲಿ ಕಾಣಿಸಿಕೊಂಡ ಗೂಬೆಯನ್ನು ಕಾಗೆಗಳು ಗುಂಪುಗೂಡಿ ಕುಕ್ಕಿ ಅಟ್ಟುವುದನ್ನು ನೀವು ನೋಡಿದ್ದೀರಿ. ಹಕ್ಕಿಗಳ ಈ ನಡತೆಗೆ ಬಳಸುವ ಮಾಬಿಂಗ್ ಎಂಬ ಇಂಗ್ಲಿಷ್ ಪದವನ್ನೇ ತೆಗೆದುಕೊಂಡು, ಸ್ವೀಡನ್ನಿನಲ್ಲಿ ನೆಲೆಸಿದ್ದ ಹೈನ್ಸ್ ಲೇಮನ್ ಎಂಬ ಮನಃಶಾಸ್ತ್ರಜ್ಞರು 1980ರ ದಶಕದಲ್ಲಿ ಕಚೇರಿ ಕಾರ್ಖಾನೆಗಳಲ್ಲಿ ಒಬ್ಬನನ್ನು ಮುತ್ತಿ ಹಣಿಯುವ ಕ್ರಮವನ್ನು ವಿವರಿಸಿದರು. ವಾರಕ್ಕೆ ಒಮ್ಮೆಯಾದರೂ, ಆರು ತಿಂಗಳಾದರೂ ನಡೆದದ್ದು ಎಂಬುದು ಅವರು ಇಟ್ಟುಕೊಂಡ ಅಳತೆ. ಸ್ವೀಡನ್ 1993ರಲ್ಲಿಯೇ ಇದರ ತಡೆಗೆ ನಿಯಮ ಮಾಡಿತು. ಅಮೆರಿಕದ ವಿದ್ವಾಂಸ ಬೆನೆಟ್ ಟೆಪರ್ 2000ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮೇಲ್ವಿಚಾರಕರ ದಬ್ಬಾಳಿಕೆಗೆ ಒಂದು ವ್ಯಾಖ್ಯೆ ಕೊಟ್ಟರು: ಮೈಮುಟ್ಟದೆಯೇ, ಮಾತಿನಿಂದಲೂ ಮಾತಿಲ್ಲದ ವರ್ತನೆಯಿಂದಲೂ ಕೈಕೆಳಗಿನವರ ಮೇಲೆ ಬಿಡದೆ ತೋರುವ ಹಗೆತನ. ಮಾತಿಲ್ಲದ ವರ್ತನೆ ಎಂಬ ಭಾಗವನ್ನು ಎರಡು ಸಲ ಓದಿಕೊಳ್ಳಿ. ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡದಿರುವುದು, ಸಭೆಯಲ್ಲಿ ಒಬ್ಬನನ್ನು ಮಾತ್ರ ಕೇಳದೆ ದಾಟಿ ಹೋಗುವುದು, ಅವನಿಗೆ ತಿಳಿಯಬೇಕಾದ ಸುದ್ದಿಯನ್ನು ಅವನಿಗೇ ತಿಳಿಸದಿರುವುದು, ಇವೆಲ್ಲ ಅದರೊಳಗೆ ಬರುತ್ತವೆ.

ನನಗೆ ಬಹಳ ಉಪಯುಕ್ತವೆಂದು ತೋರಿದ್ದು ಜಪಾನಿನವರ ಪಟ್ಟಿ. ಅಲ್ಲಿ 2019ರಲ್ಲಿ ಕಾನೂನು ತಿದ್ದಿ, 2020ರ ಜೂನ್‌ನಿಂದ ದೊಡ್ಡ ಸಂಸ್ಥೆಗಳೂ 2022ರ ಏಪ್ರಿಲ್‌ನಿಂದ ಸಣ್ಣವೂ ಅಧಿಕಾರಬಲದ ಕಿರುಕುಳವನ್ನು ತಡೆಯುವುದು ಕಡ್ಡಾಯವೆಂದು ಮಾಡಿದರು. ಅವರು ಅದನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ. ಕೈ ಮಾಡುವುದು ಮೊದಲನೆಯದು. ಮಾತಿನಿಂದ ಮನಸ್ಸನ್ನು ಘಾಸಿಗೊಳಿಸುವುದು ಎರಡನೆಯದು. ಮೂರನೆಯದು ಉಳಿದವರಿಂದ ಬೇರ್ಪಡಿಸಿ ಒಂಟಿ ಮಾಡುವುದು. ನಾಲ್ಕನೆಯದು ಆಗದಷ್ಟು ಕೆಲಸ ಹೇರುವುದು. ಐದನೆಯದು ಯೋಗ್ಯತೆಗೆ ತಕ್ಕ ಕೆಲಸ ಕೊಡದೆ ಕ್ಷುಲ್ಲಕ ಕೆಲಸದಲ್ಲಿ ಕೂರಿಸುವುದು. ಆರನೆಯದು ಮನೆಯ, ಖಾಸಗಿ ಬದುಕಿನ ವಿಷಯಗಳಲ್ಲಿ ಕೈ ಹಾಕುವುದು. ಇದನ್ನು ಓದಿದಾಗ ನನಗೆ ಸೀಮೆಸುಣ್ಣದ ಕಡ್ಡಿಗಳನ್ನು ಎಣಿಸುತ್ತ ಕುಳಿತ ಆ ಚಿತ್ರಕಲಾ ಶಿಕ್ಷಕರು ಕಣ್ಣ ಮುಂದೆ ಬಂದರು. ಕೆಲಸ ಕೊಡದಿರುವುದೂ ಹಿಂಸೆಯೆಂದು ಅಂದು ನಮಗೆ ಯಾರಾದರೂ ಹೇಳಿದ್ದರೆ, "ಸುಖವಾಗಿ ಕೂತು ಸಂಬಳ ತಗೋತಾರೆ" ಎಂದು ನಾವು ಆಡಿಕೊಳ್ಳುತ್ತಿರಲಿಲ್ಲ.

ವರ್ಗಾವಣೆ ಮತ್ತು ಕ್ಷುಲ್ಲಕ ಕೆಲಸ ಎಂಥ ಆಯುಧಗಳೆಂಬುದಕ್ಕೆ ಫ್ರಾನ್ಸ್ ಟೆಲಿಕಾಂ ಸಂಸ್ಥೆಯ ಕಥೆ ಇದೆ. ಸರ್ಕಾರಿ ದೂರವಾಣಿ ಇಲಾಖೆಯಿಂದ ಕಂಪನಿಯಾದ ಅದು 2006ರಿಂದ 2008ರೊಳಗೆ 22,000 ಜನರನ್ನು ಕಡಿಮೆ ಮಾಡಬೇಕೆಂದು ಹೊರಟಿತು. ಹಲವರು ಸರ್ಕಾರಿ ನೌಕರರಾದ್ದರಿಂದ ವಜಾ ಮಾಡುವಂತಿರಲಿಲ್ಲ. ಆದ್ದರಿಂದ ಬದುಕನ್ನೇ ದುಸ್ತರಗೊಳಿಸಿ ತಾವಾಗಿ ಹೋಗುವಂತೆ ಮಾಡುವುದು ನೀತಿಯಾಯಿತು: ಮೇಲಿಂದ ಮೇಲೆ ವರ್ಗಾವಣೆ, ಬಲ್ಲ ಕೆಲಸದಿಂದ ಕಿತ್ತು ಬಾರದ ಕೆಲಸಕ್ಕೆ ಹಾಕುವುದು. ಬಾಗಿಲಿನಿಂದಲೋ ಕಿಟಕಿಯಿಂದಲೋ ಹೇಗಾದರೂ ಜನರನ್ನು ಹೊರಗೆ ಕಳಿಸುತ್ತೇನೆ ಎಂಬ ಅರ್ಥದ ಮಾತನ್ನು ಅದರ ಮುಖ್ಯಸ್ಥ ದಿದಿಯೆ ಲೊಂಬಾರ್ 2006ರಲ್ಲಿ ಅಧಿಕಾರಿಗಳ ಸಭೆಯಲ್ಲಿ ಆಡಿದ್ದ. ನ್ಯಾಯಾಲಯ ಪರಿಶೀಲಿಸಿದ 39 ನೌಕರರ ಪ್ರಕರಣಗಳಲ್ಲಿ 19 ಆತ್ಮಹತ್ಯೆಗಳು. 2019ರ ಡಿಸೆಂಬರ್‌ನಲ್ಲಿ ಪ್ಯಾರಿಸಿನ ನ್ಯಾಯಾಲಯ ಸಂಸ್ಥೆಯನ್ನೂ ಮುಖ್ಯಸ್ಥನನ್ನೂ ತಪ್ಪಿತಸ್ಥರೆಂದಿತು. 2025ರ ಜನವರಿಯಲ್ಲಿ ಅಲ್ಲಿನ ಉಚ್ಚತಮ ನ್ಯಾಯಾಲಯವೂ ಆ ದೋಷನಿರ್ಣಯವನ್ನು ಎತ್ತಿಹಿಡಿಯಿತು. ಒಬ್ಬ ಕೋಪಿಷ್ಠನ ಕೆಟ್ಟ ಸ್ವಭಾವವಷ್ಟೇ ಅಲ್ಲದೆ, ಒಂದು ಸಂಸ್ಥೆಯ ನೀತಿಯೇ ಕಿರುಕುಳವಾಗಬಲ್ಲದು ಎಂಬುದು ಅದರಿಂದ ಕಲಿಯಬೇಕಾದ ಪಾಠ.

ಇಷ್ಟು ಹೇಳಿದರೆ ನನ್ನ ವಯಸ್ಸಿನವರು ಎತ್ತುವ ಆಕ್ಷೇಪಗಳನ್ನು ನಾನು ಬಲ್ಲೆ. ನಾನೇ ಅವನ್ನು ನಲವತ್ತು ವರ್ಷ ಎತ್ತಿದವನು.

"ನಮ್ಮ ಕಾಲದಲ್ಲಿ ನಾವು ಸಹಿಸಲಿಲ್ಲವೇ?" ಸಹಿಸಿದೆವು, ನಿಜ. ಆ ಸಹನೆಯ ಬೆಲೆ ಕೊಟ್ಟವರು ಯಾರು? ಕಚೇರಿಯಲ್ಲಿ ತಲೆ ತಗ್ಗಿಸಿ ಬಂದವನು ಮನೆಯಲ್ಲಿ ಹೆಂಡತಿಯ ಮೇಲೆ ತಟ್ಟೆ ಎಸೆದದ್ದನ್ನು ನಾವು ನೋಡಿಲ್ಲವೇ? ಸಹಿಸಿದವರಲ್ಲಿ ಬದುಕುಳಿದವರು ಮಾತ್ರ ಇಂದು "ಸಹಿಸಿದೆವು" ಎಂದು ಹೇಳಲು ಉಳಿದಿದ್ದಾರೆ. ಕುಡಿತಕ್ಕೆ ಬಿದ್ದವರು, ಅವಧಿಗೆ ಮುನ್ನ ಕೆಲಸ ಬಿಟ್ಟವರು, ಕೆರೆ ಬಾವಿ ನೋಡಿಕೊಂಡವರು ನಮ್ಮ ಲೆಕ್ಕದಲ್ಲಿಲ್ಲ.

"ದಂಡಂ ದಶಗುಣಂ, ಬೈಯದಿದ್ದರೆ ಕೆಲಸ ನಡೆಯುತ್ತದೆಯೇ?" ನಡೆಯುತ್ತದೆ, ನನ್ನ ಮೊದಲ ಮುಖ್ಯೋಪಾಧ್ಯಾಯರ ಶಾಲೆ ನಡೆಯಿತು, ಚೆನ್ನಾಗಿಯೇ ನಡೆಯಿತು. ಎರಡನೆಯವರ ಶಾಲೆಯಲ್ಲಿ ಹನ್ನೊಂದು ಜನ ಮೇಷ್ಟ್ರುಗಳು ಪಾಠದ ಕಡೆಗಿಂತ ಮುಖ್ಯೋಪಾಧ್ಯಾಯರ ಮುಖದ ಕಡೆಗೆ ಹೆಚ್ಚು ನೋಡುತ್ತಿದ್ದೆವು. ಹೆದರಿದವನು ತಪ್ಪನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ತಪ್ಪು ಬೆಳೆಯುತ್ತದೆ.

"ಮೇಲಿನಿಂದ ಟಾರ್ಗೆಟ್ ಬರುತ್ತದೆ, ಪಾಪ, ಮಧ್ಯದವನು ಏನು ಮಾಡಿಯಾನು?" ಈ ವಾದದಲ್ಲಿ ಸ್ವಲ್ಪ ಸತ್ಯವಿದೆ. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ನನ್ನ ಶಿಷ್ಯೆಯರೂ ಇದ್ದಾರೆ. ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕ ವಿದೇಶದ ಖರೀದಿದಾರನ ದರದಿಂದ ಹೊರಟು, ಮಾಲೀಕ, ಮ್ಯಾನೇಜರು, ಫ್ಲೋರ್ ಇನ್‌ಚಾರ್ಜು ಎಂದು ಇಳಿಯುತ್ತ, ಸೂಪರ್‌ವೈಸರನ ಬಾಯಿಯಲ್ಲಿ ಹೊಲಸು ಮಾತಾಗಿ ಹೊಲಿಗೆ ಯಂತ್ರದ ಮುಂದೆ ಕುಳಿತವಳ ಮೇಲೆ ಬೀಳುತ್ತದೆ. ಶೌಚಾಲಯಕ್ಕೆ ಎದ್ದರೆ ಬೈಗುಳವೆಂದು ಬೆಳಗಿನಿಂದ ನೀರನ್ನೇ ಕುಡಿಯದೆ ಕೂರುವವರಿದ್ದಾರೆ. ಅಲ್ಲಿಯ ಸೂಪರ್‌ವೈಸರನೂ ಬೈಸಿಕೊಂಡೇ ಬಂದವನು ಎಂಬುದು ನಿಜ. ಆದರೆ ಅದೇ ಟಾರ್ಗೆಟ್ಟಿನ ಕೆಳಗೆ, ಅದೇ ಕಾರ್ಖಾನೆಯಲ್ಲಿ, "ಅಕ್ಕ, ಇನ್ನು ಹತ್ತು ಪೀಸು ಆಗಬೇಕು ನೋಡಿ" ಎನ್ನುವ ಸೂಪರ್‌ವೈಸರೂ ಇದ್ದಾನೆಂದು ಅವರೇ ಹೇಳುತ್ತಾರೆ. ಒತ್ತಡ ಇಬ್ಬರಿಗೂ ಒಂದೇ ಆಗಿರುವಾಗ ಹೊಲಸು ಮಾತನ್ನು ಒತ್ತಡದ ಲೆಕ್ಕಕ್ಕೆ ಬರೆಯುವುದು ಹೇಗೆ?

"ದೂರು ಕೊಡುವವರೆಲ್ಲ ಸತ್ಯವಂತರೇ?" ಅಲ್ಲ. ಕೆಲಸಗಳ್ಳನೊಬ್ಬ ತನ್ನನ್ನು ತಿದ್ದಿದ ಅಧಿಕಾರಿಯ ಮೇಲೆ ಕಿರುಕುಳದ ಆರೋಪ ಹೊರಿಸಬಹುದು. ಅಂಥದನ್ನೂ ನಾನು ಕಂಡಿದ್ದೇನೆ. ವಿಚಾರಣೆ ಎಂಬುದು ಇರಬೇಕಾದದ್ದು ಅದಕ್ಕಾಗಿಯೇ. ಸುಳ್ಳು ದೂರು ಬಂದೀತೆಂದು ಯಾವ ದೂರನ್ನೂ ಕೇಳದಿರುವುದು, ಯಾರೋ ನಕಲು ಮಾಡಿಯಾರೆಂದು ಪರೀಕ್ಷೆಯನ್ನೇ ನಡೆಸದಿರುವಂತೆ.

ಈಗ ಕಾನೂನಿನ ವಿಷಯ. ಇದರಲ್ಲಿ ಒಂದು ವಿಚಿತ್ರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ಕೊಡಕೂಡದೆಂದು ನಿಷೇಧಿಸಿತು. ಅದೇ 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಹಿರಿಯರ ಹೊಡೆತಕ್ಕೆ ವಿದ್ಯಾರ್ಥಿಯೊಬ್ಬ ಬಲಿಯಾದ ಮೇಲೆ, ಯು.ಜಿ.ಸಿ. ರ‍್ಯಾಗಿಂಗ್ ವಿರುದ್ಧ ದೇಶಕ್ಕೆಲ್ಲ ನಿಯಮಾವಳಿ ತಂದಿತು. ಅಂದರೆ ಹುಡುಗ ಶಾಲೆಯಲ್ಲಿರುವವರೆಗೆ ಅವನ ಮನಸ್ಸನ್ನು ನೋಯಿಸುವುದು ತಪ್ಪು; ಕಾಲೇಜಿನಲ್ಲಿಯೂ ತಪ್ಪು. ಅದೇ ಹುಡುಗ ಪದವಿ ಪಡೆದು ಕಚೇರಿಯ ಮೆಟ್ಟಿಲು ಹತ್ತಿದೊಡನೆ, ಅದೇ ಹಿಂಸೆಗೆ ಕೆಲಸದ ಒತ್ತಡ ಎಂಬ ಹೆಸರು. ನಮ್ಮ ದೇಶದಲ್ಲಿ ಮೇಲಧಿಕಾರಿಯ ಸಾಮಾನ್ಯ ದಬ್ಬಾಳಿಕೆಯನ್ನೇ ಹೆಸರಿಸಿ ತಡೆಯುವ ಸಮಗ್ರ ಕಾಯ್ದೆಯೊಂದು ಬಂದಿಲ್ಲ. 2019ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ 190ನೆಯ ಒಡಂಬಡಿಕೆಯನ್ನು ಅಂಗೀಕರಿಸಿ, ಒಂದೇ ಸಲ ನಡೆದರೂ ಪದೇ ಪದೇ ನಡೆದರೂ, ದೇಹಕ್ಕೋ ಮನಸ್ಸಿಗೋ ಜೀವನೋಪಾಯಕ್ಕೋ ಹಾನಿ ತರುವ ವರ್ತನೆಯೆಲ್ಲ ಕೆಲಸದ ಜಗತ್ತಿನ ಹಿಂಸೆಯೇ ಎಂದು ಸಾರಿತು. ಅಂಥ ಮಾತು ನಮ್ಮ ಕಾನೂನಿನಲ್ಲಿಯೂ ಸೇರಬೇಕೆಂದು ಕೇಳುವುದು ಹೆಚ್ಚಿನ ಬೇಡಿಕೆಯಲ್ಲ.

ಇರುವ ಕಾನೂನುಗಳನ್ನಾದರೂ ತಿಳಿದಿರಿ. 1997ರ ವಿಶಾಖಾ ತೀರ್ಪಿನ ಫಲವಾಗಿ ಬಂದ 2013ರ ಕಾಯ್ದೆಯ ಪ್ರಕಾರ, ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿಯೊಂದು ಕಾರ್ಯಸ್ಥಳದಲ್ಲಿಯೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ, ಅಥವಾ ಮಾಲೀಕನ ಮೇಲೆಯೇ ದೂರಿದ್ದಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಜಾತಿಯ ಹೆಸರಿನಲ್ಲಿ ಪರಿಶಿಷ್ಟರನ್ನು ಹತ್ತು ಜನರ ಮುಂದೆ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಇವಲ್ಲದೆ ನಿಮ್ಮ ಸಂಸ್ಥೆಯ ನಿಯಮಪುಸ್ತಕವಿರುತ್ತದೆ. ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿ ಮರೆತಿರುತ್ತೀರಿ, ತೆಗೆದು ಓದಿ.

ಕನ್ನಡ ಮೇಷ್ಟ್ರಾದ ನಾನು ಕೊಡಬಹುದಾದ ಸಲಹೆ ಮುಖ್ಯವಾಗಿ ಬರೆಯುವುದಕ್ಕೆ ಸಂಬಂಧಿಸಿದ್ದು. ಒಂದು ನೂರು ಪುಟದ ನೋಟುಪುಸ್ತಕ ಇಟ್ಟುಕೊಳ್ಳಿ. ಅದು ಕಚೇರಿಯಲ್ಲಿ ಬೇಡ, ಮನೆಯಲ್ಲಿರಲಿ. ನಡೆದ ದಿನವೇ ತಾರೀಖು, ಹೊತ್ತು, ಆಡಿದ ಮಾತು ಇದ್ದುದಿದ್ದ ಹಾಗೆ, ಅಲ್ಲಿ ಯಾರು ಯಾರಿದ್ದರು ಎಂಬುದನ್ನು ಬರೆಯಿರಿ. ವಿಶೇಷಣಗಳನ್ನು ಹಾಕಬೇಡಿ. "ಕ್ರೂರವಾಗಿ ಬೈದರು" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಅಪ್ಪನ ಹೆಸರಲ್ಲಿ ಪಾಲಿಸಿ ಮಾಡಿಸಿದ್ದರೆ" ಎಂಬ ಮಾತನ್ನು ಹಾಗೆಯೇ ಬರೆದರೆ ವಿಚಾರಣೆಗೆ ಕುಳಿತವನಿಗೆ ತಿಳಿಯುತ್ತದೆ. ಬಂದ ಮಿಂಚಂಚೆಗಳನ್ನು, ಸಂದೇಶಗಳನ್ನು ಅಳಿಸಬೇಡಿ. ಎರಡು ತಿಂಗಳಾದ ಮೇಲೆ ಆ ಪುಸ್ತಕವನ್ನು ನೀವೇ ಓದಿ. ಎರಡೇ ಸಲ ನಡೆದಿದ್ದರೆ, ಅಂದು ಅಧಿಕಾರಿಗೂ ಕೆಟ್ಟ ದಿನವಾಗಿತ್ತೆಂದು ಬಿಟ್ಟುಬಿಡಬಹುದು. ವಾರ ವಾರವೂ ಅದೇ ಬರೆದಿದ್ದರೆ, ಅದು ನಿಮ್ಮ ಭ್ರಮೆಯಲ್ಲ ಎಂಬುದು ನಿಮಗೇ ಖಚಿತವಾಗುತ್ತದೆ. ದೂರಿನ ಪ್ರಯೋಜನಕ್ಕೆ ಮೊದಲೇ ಈ ಖಚಿತತೆ ಒಂದು ದೊಡ್ಡ ಔಷಧ.

ದೇಹ ಹೇಳುವುದನ್ನೂ ಕೇಳಿ. ಭಾನುವಾರ ಸಂಜೆ ಬಂದರೆ ಎದೆ ಭಾರವಾಗುವುದು, ಒಂದು ನಿರ್ದಿಷ್ಟ ಹೆಸರು ಫೋನಿನಲ್ಲಿ ಕಾಣಿಸಿದರೆ ಕೈ ಬೆವರುವುದು, ಇವು ಸೋಮಾರಿತನದ ಲಕ್ಷಣಗಳಲ್ಲ. ವೈದ್ಯರ ಬಳಿಗೆ ಹೋಗಿ, ಸಂಕೋಚಪಡದೆ ಕಾರಣ ಹೇಳಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿ 14416 ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಕೆಲಸ ಬಿಡುವುದಾದರೆ, ಸಾಧ್ಯವಿದ್ದಷ್ಟು ಮಟ್ಟಿಗೆ, ಇನ್ನೊಂದು ನೋಡಿಕೊಂಡು ಬಿಡಿ. ಆದರೆ ಜೀವದ ಪ್ರಶ್ನೆ ಬಂದರೆ ಸಾಲದ ಕಂತಿನ ಮುಖ ನೋಡಬೇಡಿ. ಕಂತನ್ನು ಹೇಗಾದರೂ ಕಟ್ಟೋಣ.

ಮನೆಯ ಹಿರಿಯರಿಗೆ ಒಂದು ಮಾತು. 2024ರಲ್ಲಿ ಪುಣೆಯಲ್ಲಿ 26 ವಯಸ್ಸಿನ ಲೆಕ್ಕಪರಿಶೋಧಕಿಯೊಬ್ಬಳು ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ತೀರಿಕೊಂಡಾಗ, ಅವಳ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಪತ್ರ ಬರೆದು ಅತಿಯಾದ ಕೆಲಸದ ಹೊರೆಯನ್ನು ದೂರಿದರು. ಸಾವಿಗೆ ಕೆಲಸದ ಒತ್ತಡ ಕಾರಣವೆಂಬುದನ್ನು ಸಂಸ್ಥೆ ಒಪ್ಪಲಿಲ್ಲ. ಯಾರು ಸರಿ ಎಂದು ತೀರ್ಪು ಕೊಡಲು ನಾನು ಶಕ್ತನಲ್ಲ. ನನ್ನನ್ನು ಕಾಡುವುದು, ಇಂಥ ಪತ್ರಗಳನ್ನು ತಾಯಂದಿರು ಮಕ್ಕಳು ಹೋದ ಮೇಲೆ ಬರೆಯಬೇಕಾಗಿದೆ ಎಂಬುದು. ಮಗನೋ ಮಗಳೋ ಸೊಸೆಯೋ ಕೆಲಸದ ಕಷ್ಟ ಹೇಳಿಕೊಂಡಾಗ, ದಯವಿಟ್ಟು ಮೊದಲು ಗಾದೆ ಹೇಳಬೇಡಿ. "ಏನೆಂದರು? ಎಷ್ಟು ದಿನದಿಂದ? ಬೇರೆಯವರಿಗೂ ಹೀಗೆಯೇ ಅನ್ನುತ್ತಾರೆಯೇ?" ಎಂದು ಕೇಳಿ.

ನನ್ನ ಶಿಷ್ಯರಲ್ಲಿ ಅನೇಕರು ಈಗ ತಾವೇ ಮೇಲಧಿಕಾರಿಗಳು. ತಹಸೀಲ್ದಾರರಿದ್ದೀರಿ, ಮ್ಯಾನೇಜರುಗಳಿದ್ದೀರಿ, ಮುಖ್ಯೋಪಾಧ್ಯಾಯರಿದ್ದೀರಿ. ನಿಮಗೆ ಹೇಳಬೇಕಾದದ್ದನ್ನು ಹೇಳುವ ಮೊದಲು ನನ್ನದೊಂದನ್ನು ಒಪ್ಪಿಕೊಳ್ಳಬೇಕು. ನಾನೂ ಬೆತ್ತ ಹಿಡಿದವನು. ಒಬ್ಬ ಹುಡುಗ ಪದ್ಯ ಬಾಯಿಪಾಠ ಮಾಡಿ ಬಾರದಿದ್ದಾಗ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, "ನಾನು ದಡ್ಡ" ಎಂದು ಮೂರು ಸಲ ಅವನ ಬಾಯಿಂದಲೇ ಹೇಳಿಸಿದ್ದೆ. ತರಗತಿ ನಕ್ಕಿತು, ನಾನೂ ನಕ್ಕೆ. ಆ ಸಂಜೆಯ ಫೋನಿನಲ್ಲಿ "ನಾನು ಕೆಲಸಕ್ಕೆ ಬಾರದವಳು" ಎಂದು ಹೇಳಿಸುತ್ತಿದ್ದ ಅಧಿಕಾರಿ ಆ ವಿದ್ಯೆಯನ್ನು ಎಲ್ಲಿ ಕಲಿತ? ಯಾವುದೋ ಊರಿನಲ್ಲಿ, ನನ್ನಂಥ ಮೇಷ್ಟ್ರೊಬ್ಬನ ತರಗತಿಯಲ್ಲಿ ಕಲಿತಿರಬೇಕು. ಆ ಹುಡುಗ ಇದನ್ನು ಓದುತ್ತಿದ್ದರೆ, ನನ್ನನ್ನು ಕ್ಷಮಿಸಪ್ಪ. ನೀನು ದಡ್ಡನಾಗಿರಲಿಲ್ಲ, ನಿಮ್ಮ ಮನೆಯಲ್ಲಿ ರಾತ್ರಿ ದೀಪವಿರಲಿಲ್ಲವೆಂಬುದು ನನಗೆ ಆಮೇಲೆ ತಿಳಿಯಿತು.

ಆದ್ದರಿಂದ ಅಧಿಕಾರದಲ್ಲಿರುವ ನನ್ನ ಶಿಷ್ಯರೇ, ನೀವು ಒಳಗೆ ಬಂದಾಗ ಕೊಠಡಿಯಲ್ಲಿ ಮಾತು ನಿಂತರೆ ಅದನ್ನು ಗೌರವವೆಂದು ಭಾವಿಸಬೇಡಿ. ಅಧಿಕಾರದಲ್ಲಿಲ್ಲದವರೇ, ನಿಮ್ಮ ಸಹೋದ್ಯೋಗಿಯೊಬ್ಬ ಒಂಟಿಯಾಗಿ ಚಹಾ ಕುಡಿಯುತ್ತಿದ್ದರೆ ಅವನ ಪಕ್ಕ ಹೋಗಿ ಕುಳಿತುಕೊಳ್ಳಿ. ದೊಡ್ಡ ಧೈರ್ಯವೇನೂ ಬೇಕಿಲ್ಲ. ಬಸ್ ನಿಲ್ದಾಣದವರೆಗೆ ನಡೆಯುವಷ್ಟು ಧೈರ್ಯ ಸಾಕು. ಅಷ್ಟೂ ನನ್ನಲ್ಲಿ ಇರಲಿಲ್ಲವೆಂಬುದನ್ನು ನಲವತ್ತು ವರ್ಷದ ಮೇಲೂ ನಾನು ಮರೆತಿಲ್ಲ.

ಆ ಭಾನುವಾರ ಹುಡುಗನ ತಲೆಯ ಮೇಲೆ ಕೈಯಿಟ್ಟು ನಾನು ಹೇಳಿದ್ದು ಇಷ್ಟು: "ಮನಸ್ಸಿಟ್ಟು ಕೆಲಸ ಮಾಡಪ್ಪ. ತಪ್ಪು ಮಾಡಿದರೆ ಒಪ್ಪಿಕೊ, ತಿದ್ದಿದರೆ ತಿದ್ದಿಕೊ. ಆದರೆ ನಿನ್ನನ್ನು ಯಾರಾದರೂ ಮನುಷ್ಯನೆಂದು ಕಾಣದೆ ಹೋದರೆ ಅದನ್ನು ಒಬ್ಬನೇ ಇಟ್ಟುಕೊಳ್ಳಬೇಡ. ಅಂದೇ ನಿಮ್ಮ ಅತ್ತೆಗೆ ಫೋನು ಮಾಡು. ಅವರು ನನಗೆ ಮಾಡುತ್ತಾರೆ."

ಅವಳು ಏನೂ ಹೇಳಲಿಲ್ಲ. ಹೊರಡುವಾಗ ಚೀಲದಿಂದ ಒಂದು ಹೊಸ ನೋಟುಪುಸ್ತಕ ತೆಗೆದು ಹುಡುಗನ ಕೈಗಿಟ್ಟಳು.

ಇಂತಿ,
ನಿಮ್ಮ ಮೇಷ್ಟ್ರು